ಬಿಪಿ ಮಿಷನ್ನಿನ ಮೂರನೇ ಸಂಖ್ಯೆ

ದೊಡ್ಡವ್ವ ಮೊದಲ ಸಲ ಬಿದ್ದಿದ್ದು ಕೊಟ್ಟಿಗೆ ಬಾಗಿಲಲ್ಲಿ. ಹಾಲು ಕರೆದು ಎದ್ದವಳು ಹಾಗೇ ಗೋಡೆಗೆ ಒರಗಿ ಕುಸಿದಳು. ನಾವು ಓಡಿ ಹೋಗುವಷ್ಟರಲ್ಲಿ ಕಣ್ಣು ಬಿಟ್ಟಿದ್ದಳು. "ಹಾಲು ಚೆಲ್ಲೋಯ್ತಲ್ಲಪ್ಪಾ" ಅನ್ನುವುದೇ ಅವಳಿಗೆ ಚಿಂತೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ತಲೆ ಸುತ್ತಿದೆ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಒಂದು ಲೋಟ ಕಾಫಿ ಕುಡಿಸಿ ಸುಮ್ಮನಾದೆವು.

ಎರಡನೇ ಸಲ ಬಿದ್ದಿದ್ದು ಚೆಂಡು ಹೂವಿನ ಹೊಲದಲ್ಲಿ. ಜೊತೆಗೆ ಹೂ ಬಿಡಿಸುತ್ತಿದ್ದ ಹೆಂಗಸರು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು. ಹುಬ್ಬಿನ ಮೇಲೆ ಗಾಯ. ಬಿಸಿಲು ಅಂದೆವು. ಊರಲ್ಲಿ ಒಬ್ಬರು ಗಾಳಿ ಅಂದರು, ಇನ್ನೊಬ್ಬರು ಫಿಟ್ಸ್ ಅಂದರು. ತಾಯತ ಕಟ್ಟಿಸಿದ್ದೂ ಆಯಿತು. ಅದಕ್ಕೆ ನಮಗೆ ನಾಚಿಕೆ ಇಲ್ಲ. ನಾಚಿಕೆ ಇರುವುದು ಮುಂದೆ ಹೇಳುವ ವಿಷಯಕ್ಕೆ.

ಹತ್ತಿರದ ಪಟ್ಟಣದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಮೇಲಿನದು 178, ಕೆಳಗಿನದು 80. "ಬಿಪಿ ಜಾಸ್ತಿ ಇದೆ, ವೀಕ್‌ನೆಸ್ಸೂ ಇದೆ" ಅಂತ ಒಂದು ಬಾಟಲಿ ಗ್ಲೂಕೋಸ್ ಏರಿಸಿ, ಬಿಪಿ ಮಾತ್ರೆ ಬರೆದುಕೊಟ್ಟರು. ಬರುವ ದಾರಿಯಲ್ಲಿ ನಾವೇ ಒಂದು ಬಿಪಿ ಮಿಷನ್ ತಗೊಂಡೆವು. ಈಗ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತಲ್ಲ, ಬ್ಯಾಟರಿಯದ್ದು, ಅದೇ. ದಿನಾ ಬೆಳಿಗ್ಗೆ ನೋಡಿ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುತ್ತಿದ್ದೆವು.

ಆ ಮಿಷನ್ ಮೂರು ಸಂಖ್ಯೆ ತೋರಿಸುತ್ತದೆ. ಮೇಲಿನ ಎರಡು ಬಿಪಿ ಅಂತ ಎಲ್ಲರಿಗೂ ಗೊತ್ತು. ಅದರ ಕೆಳಗೆ ಇನ್ನೊಂದು ಬರುತ್ತದೆ. ಅದು ಯಾತಕ್ಕೆ ಅಂತ ನಾವು ಯಾರೂ ಕೇಳಲಿಲ್ಲ, ಆದರೆ ಬರೆದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. 36, 34, 38, 34, 32. ಹನ್ನೊಂದು ದಿನ ಹೀಗೆ ನೀಟಾಗಿ ಬರೆದಿದ್ದೇವೆ. ಆ ಹಾಳೆ ಇನ್ನೂ ನಮ್ಮ ಹತ್ತಿರ ಇದೆ.

ಅದು ನಾಡಿ. ಒಂದು ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತದೆ ಅನ್ನುವ ಲೆಕ್ಕ. ಸುಮ್ಮನೆ ಕೂತಿರುವ ದೊಡ್ಡವರಿಗೆ ಅದು 60ರಿಂದ 100ರ ಒಳಗೆ ಇರಬೇಕು. ದೊಡ್ಡವ್ವನದು ಅದರ ಅರ್ಧಕ್ಕೆ ಇಳಿದಿತ್ತು. ಊರೂರಿಗೆ ಹೋಗಿ ಮಳೆ ಎಷ್ಟು ಮಿಲಿಮೀಟರ್, ಡ್ಯಾಮು ಎಷ್ಟು ಅಡಿ ಅಂತ ಸಂಖ್ಯೆ ಕೇಳಿ ಬರೆಯುವ ಕೆಲಸ ನಮ್ಮದು. ಮನೆ ಗೋಡೆಯ ಮೇಲೆ ಇದ್ದ ಸಂಖ್ಯೆಯನ್ನು ಹನ್ನೊಂದು ದಿನ ನೋಡಿಯೂ ನೋಡಲಿಲ್ಲ.

ಮೂರನೇ ಸಲ ಬಿದ್ದಾಗ ದೊಡ್ಡವ್ವ ಬೇಗ ಏಳಲಿಲ್ಲ. ಆಟೋದಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ನರ್ಸಮ್ಮ ಮಿಷನ್ ಮುಟ್ಟುವ ಮೊದಲೇ ಮಣಿಕಟ್ಟು ಹಿಡಿದರು. ಗೋಡೆ ಗಡಿಯಾರ ನೋಡುತ್ತಾ ನಿಂತವರು ಇನ್ನೊಂದು ಸಲ ಹಿಡಿದು ನೋಡಿದರು. ಆಮೇಲೆ ಮಾತಾಡದೆ ಇಸಿಜಿ ಮಿಷನ್ ಎಳೆದುಕೊಂಡು ಬಂದರು. ಡಾಕ್ಟರು ಕಾಗದ ನೋಡಿ ಹೇಳಿದ್ದು ಇಷ್ಟೇ: "ಕಂಪ್ಲೀಟ್ ಹಾರ್ಟ್ ಬ್ಲಾಕ್. ಈಗಲೇ ಮೈಸೂರಿಗೆ ಹೊರಡಿ, ಬಸ್ಸು ಬೇಡ, 108ರಲ್ಲೇ ಹೋಗಿ."

ಆಂಬುಲೆನ್ಸಿನಲ್ಲಿ ಕೂತು ನಾವು ಮಾಡಿದ ಮೊದಲ ಕೆಲಸ ನೆಂಟರಿಗೆಲ್ಲ ಫೋನು. "ದೊಡ್ಡವ್ವನಿಗೆ ಹಾರ್ಟಲ್ಲಿ ಬ್ಲಾಕ್ ಅಂತೆ, ಸ್ಟೆಂಟ್ ಹಾಕ್ತಾರೆ." ಒಬ್ಬರು, ನಮ್ಮ ಬಾಮೈದನಿಗೂ ಮೂರು ಬ್ಲಾಕ್ ಇತ್ತು, ಏನೂ ಆಗಲ್ಲ ಅಂದರು. ಇನ್ನೊಬ್ಬರು ಬೆಳ್ಳುಳ್ಳಿ ಕಷಾಯ ಹೇಳಿದರು. ಮೈಸೂರು ಮುಟ್ಟುವ ಹೊತ್ತಿಗೆ ಊರಿಗೆಲ್ಲ ದೊಡ್ಡವ್ವನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು.

ಜಯದೇವ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು, "ನಿಮ್ಮ ತೋಟದಲ್ಲಿ ಬೋರ್‌ವೆಲ್ ಇದೆಯಾ?" ಇದೆ ಅಂದೆವು. "ಪೈಪಿನಲ್ಲಿ ಕಸ ಕಟ್ಟಿಕೊಂಡರೂ ನೀರು ಬರಲ್ಲ, ಮೋಟಾರಿಗೆ ಹೋಗುವ ವೈರು ಕಟ್ಟಾದರೂ ನೀರು ಬರಲ್ಲ. ಎರಡೂ ಒಂದೇನಾ?" ಅಲ್ಲ ಅಂದೆವು. "ನೀವು ಹೇಳ್ತಿರೋ ಸ್ಟೆಂಟ್ ಪೈಪಿನ ರಿಪೇರಿ. ನಿಮ್ಮ ದೊಡ್ಡಮ್ಮನಿಗೆ ಪೈಪೂ ಚೆನ್ನಾಗಿದೆ, ಮೋಟಾರೂ ಚೆನ್ನಾಗಿದೆ. ವೈರು ಕೆಟ್ಟಿದೆ."

ಹೃದ್ರೋಗದ ಬಗ್ಗೆ ನಾವು ಕೇಳಿದ್ದರಲ್ಲಿ ಇದಕ್ಕಿಂತ ಸರಿಯಾದ ಪಾಠ ಇನ್ನೊಂದಿಲ್ಲ. ಎರಡಕ್ಕೂ ಬ್ಲಾಕ್ ಅಂತಲೇ ಹೆಸರು ಇಟ್ಟಿದ್ದಾರೆ, ಅದೇ ತೊಂದರೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಹೃದಯದ ಮಾಂಸಕ್ಕೆ ರಕ್ತ ಹೋಗದಿದ್ದರೆ ಅದು ಹಾರ್ಟ್ ಅಟ್ಯಾಕ್ ಕಡೆಗೆ ಹೋಗುವ ಬ್ಲಾಕ್. ಹೃದಯ ಬಡಿಯಲು ಬೇಕಾದ ಕರೆಂಟು ದಾರಿಯಲ್ಲಿ ನಿಂತರೆ ಅದು ಬೇರೆ ಬ್ಲಾಕ್.

ಕರೆಂಟು ಅಂದರೆ ನಿಜವಾಗಿಯೂ ಕರೆಂಟೇ, ತೀರಾ ಸಣ್ಣದು. ಹೃದಯದ ಮೇಲಿನ ಬಲ ಕೋಣೆಯಲ್ಲಿ ಜೀವಕೋಶಗಳ ಒಂದು ಗುಂಪು ಇದೆ. ಅದು ತಾನಾಗಿಯೇ ತಾಳ ಹಾಕುತ್ತಾ ಇರುತ್ತದೆ. ಆ ತಾಳ ಮೇಲಿನ ಎರಡು ಕೋಣೆಗೆ ಹರಡಿ, ನಡುವೆ ಒಂದು ಗಂಟಿನ ಹತ್ತಿರ ಒಂದು ಕ್ಷಣಕ್ಕಿಂತ ಕಡಿಮೆ ಹೊತ್ತು ನಿಂತು, ಆಮೇಲೆ ಕೆಳಗಿನ ಎರಡು ದೊಡ್ಡ ಕೋಣೆಗೆ ಇಳಿಯುತ್ತದೆ. ಆ ಸ್ವಲ್ಪ ಹೊತ್ತು ನಿಲ್ಲುವುದು ಯಾಕೆ ಅಂದರೆ ಕೆಳಗಿನ ಕೋಣೆಗೆ ರಕ್ತ ತುಂಬಲಿ ಅಂತ. ತುಂಬಿದ ಮೇಲೆ ಅದು ಹಿಂಡುತ್ತದೆ. ಅದೇ ನಮ್ಮ ಮಣಿಕಟ್ಟಿಗೆ ಸಿಗುವ ನಾಡಿ.

ದೊಡ್ಡವ್ವನಿಗೆ ಆ ನಡುವಿನ ದಾರಿ ಪೂರ್ತಿ ಮುಚ್ಚಿತ್ತು. ಮೇಲಿನ ಕೋಣೆ 80ರ ಲೆಕ್ಕದಲ್ಲಿ ತನ್ನ ಪಾಡಿಗೆ ತಾನು ಬಡಿಯುತ್ತಿದೆ. ಕೆಳಗಿನವಕ್ಕೆ ಸುದ್ದಿಯೇ ಬರುತ್ತಿಲ್ಲ. ಹಾಗಂತ ಅವು ಸುಮ್ಮನೆ ನಿಲ್ಲುವುದಿಲ್ಲ. ಮನೆ ಯಜಮಾನ ಬರದಿದ್ದರೆ ಆಳೇ ಎತ್ತು ಹೂಡುವ ಹಾಗೆ, ತಮ್ಮದೇ ನಿಧಾನದ ತಾಳದಲ್ಲಿ ನಿಮಿಷಕ್ಕೆ ಮೂವತ್ತೋ ನಲವತ್ತೋ ಸಲ ಬಡಿಯುತ್ತವೆ. ಅದು ಜೀವ ಉಳಿಸುವ ಏರ್ಪಾಡು, ಆದರೆ ನೆಚ್ಚಿಕೊಳ್ಳುವಂಥದ್ದಲ್ಲ. ಅದೂ ನಾಲ್ಕಾರು ಸೆಕೆಂಡು ನಿಂತರೆ ಮೆದುಳಿಗೆ ರಕ್ತ ಇಲ್ಲ, ಮನುಷ್ಯ ಬಿದ್ದ. ಮತ್ತೆ ಶುರುವಾದರೆ ಎದ್ದ. ಶುರುವಾಗದಿದ್ದರೆ ಇಲ್ಲ. ಕೊಟ್ಟಿಗೆಯಲ್ಲಿ, ಹೊಲದಲ್ಲಿ ದೊಡ್ಡವ್ವ ಎದ್ದಿದ್ದು ಹಾಗೆ.

ಹಾಗಾದರೆ ಬಿಪಿ ಯಾಕೆ ಜಾಸ್ತಿ ಇತ್ತು ಅಂತ ಕೇಳಿದೆವು. ಬಡಿತ ನಿಧಾನವಾದಾಗ ಎರಡು ಬಡಿತದ ನಡುವೆ ಹೊತ್ತು ಜಾಸ್ತಿ, ಕೋಣೆಗೆ ರಕ್ತವೂ ಜಾಸ್ತಿ ತುಂಬುತ್ತದೆ. ಒಂದೇ ಸಲಕ್ಕೆ ಅಷ್ಟನ್ನೂ ಹಿಂಡುವುದರಿಂದ ಮೇಲಿನ ಸಂಖ್ಯೆ ಏರಿ ಕಾಣಬಹುದು ಅಂದರು. ಆಮೇಲೆ "ಏನೇನು ಮಾತ್ರೆ ತಗೋತಾರೆ, ಎಲ್ಲಾ ತನ್ನಿ" ಅಂದರು. ಪ್ಲಾಸ್ಟಿಕ್ ಕವರು ಸುರಿದೆವು. ಅದರಲ್ಲಿದ್ದ ಬಿಪಿ ಮಾತ್ರೆ ಅಟೆನೊಲಾಲ್. ಬಿಪಿಯ ಜೊತೆಗೆ ಹೃದಯ ಬಡಿತವನ್ನೂ ಇಳಿಸುವ ಜಾತಿಯದ್ದು. ಕೆಟ್ಟ ಮಾತ್ರೆ ಅಲ್ಲ, ಎಷ್ಟೋ ಜನರಿಗೆ ಬೇಕಾದದ್ದೇ. ಆದರೆ 34ರಲ್ಲಿ ಓಡುತ್ತಿರುವ ಹೃದಯಕ್ಕೆ ಬ್ರೇಕ್ ಹಾಕಿದ ಹಾಗೆ.

ಮಾತ್ರೆ ನಿಲ್ಲಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ ನೋಡಿದರು, ಅದು ಏರುಪೇರಾದರೂ ಹೀಗಾಗುತ್ತದಂತೆ. ಅಲ್ಲಿವರೆಗೆ ಕುತ್ತಿಗೆಯ ರಕ್ತನಾಳದ ಮೂಲಕ ಹೃದಯಕ್ಕೆ ಒಂದು ತಂತಿ ಇಳಿಸಿ, ಹೊರಗೆ ಮಂಚದ ಪಕ್ಕ ಒಂದು ಪೆಟ್ಟಿಗೆಗೆ ಸೇರಿಸಿದರು. ತಾತ್ಕಾಲಿಕ ಪೇಸ್‌ಮೇಕರ್. ಆ ಪೆಟ್ಟಿಗೆ ಹಾಕಿದ ಹತ್ತು ನಿಮಿಷಕ್ಕೆ ದೊಡ್ಡವ್ವನ ಮುಖಕ್ಕೆ ಬಣ್ಣ ಬಂತು. "ಮಂಜು ಬಿಟ್ಟಂಗಾಯ್ತು ಕನಪ್ಪ" ಅಂದಳು. ಎಷ್ಟು ತಿಂಗಳಿಂದ ಮಂಜಿತ್ತು ಅಂತ ಯಾರೂ ಕೇಳಿರಲಿಲ್ಲ. ವಯಸ್ಸಾಯಿತು, ಅದಕ್ಕೇ ಸುಸ್ತು ಅಂತ ನಾವೇ ಹೇಳಿಬಿಟ್ಟಿದ್ದೆವು, ಅವಳೂ ಒಪ್ಪಿಕೊಂಡಿದ್ದಳು.

ಮೂರು ದಿನ ಕಾದರೂ ಅವಳ ಸ್ವಂತ ತಾಳ ಮರಳಲಿಲ್ಲ. ಒಳಗೇ ಇಡುವ ಪೇಸ್‌ಮೇಕರ್ ಬೇಕು ಅಂದರು.

ದೊಡ್ಡವ್ವ ಬೇಡ ಅಂದಳು.

ದುಡ್ಡಿನ ಭಯ ಅಂದುಕೊಂಡೆವು. ಅದಕ್ಕೆ ದಾರಿ ಇತ್ತು. ಬಿಪಿಎಲ್ ಕಾರ್ಡಿನ ಮನೆಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಪೇಸ್‌ಮೇಕರ್ ಅದರೊಳಗೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ, ರೇಷನ್ ಕಾರ್ಡು, ಆಧಾರ್ ಇದ್ದವು. (ಹೊರಡುವ ಗಡಿಬಿಡಿಯಲ್ಲಿ ರೇಷನ್ ಕಾರ್ಡು ಮರೆತು, ತಮ್ಮ ರಾತ್ರಿ ಬೈಕಿನಲ್ಲಿ ತಂದ. ನೀವು ಈ ಮೂರನ್ನೂ ಒಂದೇ ಕವರಿನಲ್ಲಿ ಇಟ್ಟಿರಿ.)

ಆದರೆ ಅವಳ ಭಯ ದುಡ್ಡಿನದಲ್ಲ. ರಾತ್ರಿ ವಾರ್ಡಿನಲ್ಲಿ ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದಳು: "ಎದೆ ಒಳಕ್ಕೆ ಮಿಷನ್ ಇಟ್ಬುಟ್ರೆ ಸಾಯಕ್ಕೂ ಬುಡಲ್ವಂತಲ್ಲ? ಉಸ್ರು ನಿಂತೋದ್ರೂ ಎದೆ ಹೊಡ್ಕತಾನೇ ಇರ್ತದಂತೆ. ಪಕ್ಕದ ಮಂಚದವ್ಳು ಹೇಳುದ್ಲು. ನಿಮ್ ದೊಡ್ಡಪ್ಪ ಅಷ್ಟು ಸಲೀಸಾಗಿ ಹೋದ್ರು. ನಂಗೆ ಮಾತ್ರ ಜೀವ ಹೋಗ್ದಂಗೆ ಯಾಕಪ್ಪ ಮಾಡ್ತೀರಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಬಂದ ಅದೇ ಡಾಕ್ಟರಮ್ಮನಿಗೆ ಹೇಳಿದೆವು. ಅವರು ನಗಲಿಲ್ಲ. ಮಂಚದ ಮೇಲೇ ಕೂತರು. "ಅಜ್ಜೀ, ಇದು ಬರೀ ಕರೆಯೋದು. ಬಾ ಅಂತ ಕರೀತದೆ, ಎದೆ ಓಗೊಡ್ತದೆ. ಆಯಸ್ಸು ಮುಗಿದಾಗ ಎದೆ ಓಗೊಡಲ್ಲ. ಆಗ ಇದು ಕರೆದರೂ ಪ್ರಯೋಜನ ಇಲ್ಲ. ನಿಮ್ಮನ್ನ ಹಿಡ್ಕೊಂಡು ಕೂರೋ ಶಕ್ತಿ ಇದಕ್ಕಿಲ್ಲ." ವೈದ್ಯದ ಲೆಕ್ಕದಲ್ಲೂ ಅದು ಸರಿ. ಹೃದಯದ ಮಾಂಸ ಸತ್ತ ಮೇಲೆ ಎಷ್ಟು ಕರೆಂಟು ಕೊಟ್ಟರೂ ಅದು ಹಿಂಡುವುದಿಲ್ಲ. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡ್ಲು ಹಿಡೀಬೋದಾ ಆಮೇಲೆ?" ಅಂದಳು. ಹಿಡೀಬಹುದು ಅಂದರು. ಹೆಬ್ಬೆಟ್ಟು ಒತ್ತಿದಳು.

ಆ ದಿನ ಥಿಯೇಟರಿನ ಹೊರಗೆ ಕೂತು ಫೋನಿನಲ್ಲಿ ಓದಿದ ಒಂದೆರಡು ವಿಷಯ ನಿಮಗೂ ಹೇಳಬೇಕು. ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ 1957ರ ಅಕ್ಟೋಬರ್ 31ರಂದು ಕರೆಂಟು ಹೋಯಿತು. ಆಗಿನ ಪೇಸ್‌ಮೇಕರ್‌ಗಳು ದೊಡ್ಡ ಪೆಟ್ಟಿಗೆಗಳು, ಗೋಡೆಯ ಪ್ಲಗ್ಗಿಗೆ ಹಾಕಿದರೆ ಮಾತ್ರ ಓಡುವಂಥವು. ಹೃದಯದ ಆಪರೇಷನ್ ಆದ ಮಕ್ಕಳ ಜೀವ ಆ ವೈರಿನ ಮೇಲೆ ನಿಂತಿತ್ತು. ಅಲ್ಲಿನ ಸರ್ಜನ್ ವಾಲ್ಟನ್ ಲಿಲ್ಲೆಹೈ ಅವರು, ಆಸ್ಪತ್ರೆಯ ಮಿಷನ್‌ಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಎಂಬ ಎಂಜಿನಿಯರನ್ನು ಕರೆದು, ಇದಕ್ಕೇನಾದರೂ ಮಾಡು ಅಂದರು. ಬ್ಯಾಕನ್ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಬಂದಿದ್ದ, ಸಂಗೀತದವರಿಗೆ ತಾಳ ಹಾಕಿಕೊಡುವ ಮೆಟ್ರೊನೋಮ್‌ನ ಸರ್ಕ್ಯೂಟನ್ನು ಬಳಸಿ, ಬ್ಯಾಟರಿಯಲ್ಲಿ ಓಡುವ, ಮೈಮೇಲೆ ಕಟ್ಟಿಕೊಳ್ಳುವಷ್ಟು ಚಿಕ್ಕ ಪೇಸ್‌ಮೇಕರ್ ಮಾಡಿಬಿಟ್ಟರು. ಕೆಲಸ ನಡೆದಿದ್ದು ಒಂದು ಗ್ಯಾರೇಜಿನಲ್ಲಿ. ಕರೆಂಟು ಹೋದದ್ದಕ್ಕೆ ಬೈದುಕೊಂಡು ಸುಮ್ಮನಾಗುವ ನಮ್ಮಂಥವರಿಗೆ ಇದು ಖುಷಿ ಕೊಡುವ ಕಥೆ.

ಮರುವರ್ಷ, 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ಪೇಸ್‌ಮೇಕರನ್ನು ಮೈಯೊಳಗೆ ಇಟ್ಟರು. ಸರ್ಜನ್ ಓಕೆ ಸೆನ್ನಿಂಗ್, ಮಾಡಿಕೊಟ್ಟ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ರೋಗಿ ಆರ್ನೆ ಲಾರ್ಸನ್, ಆಗ 43 ವರ್ಷ, ದಿನಕ್ಕೆ ಎಷ್ಟೋ ಸಲ ಮೂರ್ಛೆ ಹೋಗುತ್ತಿದ್ದವರು. ಬೆನ್ನು ಹತ್ತಿ ಒಪ್ಪಿಸಿದ್ದು ಅವರ ಹೆಂಡತಿ. ಶೂ ಪಾಲಿಷ್ ಡಬ್ಬಿಯಷ್ಟು ಇದ್ದ ಆ ಸಾಧನ ಕೆಲವೇ ಗಂಟೆ ಓಡಿ ನಿಂತಿತು. ಇನ್ನೊಂದು ಇಟ್ಟರು. ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡ ಲಾರ್ಸನ್ ತೀರಿಕೊಂಡಿದ್ದು 2001ರಲ್ಲಿ, 86ನೇ ವಯಸ್ಸಿನಲ್ಲಿ, ಅದೂ ಹೃದಯದ ಕಾಯಿಲೆಯಿಂದಲ್ಲ, ಚರ್ಮದ ಕ್ಯಾನ್ಸರಿನಿಂದ. ಸೆನ್ನಿಂಗ್ ಮತ್ತು ಎಲ್ಮ್‌ಕ್ವಿಸ್ಟ್ ಇಬ್ಬರೂ ತೀರಿಕೊಂಡ ಮೇಲೂ ಅವರು ಬದುಕಿದ್ದರು.

ದೊಡ್ಡವ್ವನಿಗೆ ಇಟ್ಟಿದ್ದು ಹಳೇ ಒಂದು ರೂಪಾಯಿಯ ನಾಲ್ಕೈದು ನಾಣ್ಯ ಜೋಡಿಸಿದಂತೆ ಇರುವ, ಅಂಗೈಯಲ್ಲಿ ಅಡಗುವ ಡಬ್ಬಿ. ಹೊರಗೆ ಟೈಟಾನಿಯಂ ಲೋಹ, ಒಳಗೆ ಲಿಥಿಯಂ ಬ್ಯಾಟರಿ ಮತ್ತು ಒಂದು ಪುಟಾಣಿ ಕಂಪ್ಯೂಟರು. ಎದೆ ಸೀಳುವುದಿಲ್ಲ, ಪೂರ್ತಿ ಮಂಪರೂ ಕೊಡುವುದಿಲ್ಲ. ಎಡಗಡೆ ಕಾಲರ್ ಮೂಳೆಯ ಕೆಳಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎರಡು ಬೆರಳಿನಷ್ಟು ಕೊಯ್ದು, ಚರ್ಮದ ಅಡಿಯಲ್ಲಿ ಜೇಬಿನ ಹಾಗೆ ಜಾಗ ಮಾಡುತ್ತಾರೆ. ಅಲ್ಲಿನ ರಕ್ತನಾಳದ ಮೂಲಕ ತೆಳ್ಳನೆಯ ಎರಡು ತಂತಿ ಇಳಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ, ಒಂದನ್ನು ಮೇಲಿನ ಕೋಣೆಗೆ, ಇನ್ನೊಂದನ್ನು ಕೆಳಗಿನ ಕೋಣೆಗೆ ಸ್ಕ್ರೂ ತಿರುಗಿಸಿದ ಹಾಗೆ ಕೂರಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. "ಎಲ್ಲಾ ಕೇಳುಸ್ತಿತ್ತು ಕನಪ್ಪ, ಅವ್ರು ಮಧ್ಯಾನದ ಊಟಕ್ಕೇನು ಅಂತನೂವೆ ಮಾತಾಡ್ಕಂಡ್ರು" ಅಂದಳು ದೊಡ್ಡವ್ವ.

ಅದು ಸದಾ ಕರೆಂಟು ಹೊಡೆಯುತ್ತಲೇ ಇರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ಅರ್ಧ ಕೆಲಸ ಕಿವಿಗೊಟ್ಟು ಕೇಳುವುದು. ಮೇಲಿನ ಕೋಣೆ ತಾನಾಗಿ ಬಡಿದರೆ ಅದನ್ನು ಗಮನಿಸಿ, ಸರಿಯಾದ ಹೊತ್ತು ಕಾದು, ಕೆಳಗಿನದು ಬಡಿಯದಿದ್ದರೆ ಮಾತ್ರ ಒಂದು ಸಣ್ಣ ತಟ್ಟು ತಟ್ಟುತ್ತದೆ. ಅಂದರೆ ಮುರಿದ ಸೇತುವೆಯ ಜಾಗದಲ್ಲಿ ನಿಂತು ಸುದ್ದಿ ದಾಟಿಸುವ ಕೆಲಸ. ಹೃದಯ ತಾನೇ ಸರಿಯಾಗಿ ಬಡಿದರೆ ಅದು ಸುಮ್ಮನಿರುತ್ತದೆ. ಆ ತಟ್ಟು ದೊಡ್ಡವ್ವನಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಜಾಣತನ ಇದೆ. ಕೆಲವರಿಗೆ ದಾರಿ ಸರಿಯಿದ್ದು, ತಾಳ ಹಾಕುವ ಮೂಲವೇ ಸೋತಿರುತ್ತದೆ. ಅಂಥವರು ಮೆಟ್ಟಿಲು ಹತ್ತಿದರೂ ಬಡಿತ ಏರುವುದಿಲ್ಲ, ಏದುಸಿರು ಬರುತ್ತದೆ. ಈಗಿನ ಪೇಸ್‌ಮೇಕರಿನೊಳಗೆ ಮೈ ಅಲ್ಲಾಟ ಗುರುತಿಸುವ ಸೆನ್ಸರ್ ಇರುತ್ತದೆ, ನಿಮ್ಮ ಫೋನಿನಲ್ಲಿ ಹೆಜ್ಜೆ ಎಣಿಸುತ್ತಲ್ಲ, ಅದೇ ಜಾತಿಯದ್ದು. ನಡೆದರೆ ತಾಳ ಏರಿಸುತ್ತದೆ, ಕೂತರೆ ಇಳಿಸುತ್ತದೆ. ನಮ್ಮೂರಿನ ರಸ್ತೆಯಲ್ಲಿ ಬಸ್ಸಿನ ಕುಲುಕಾಟಕ್ಕೇ ಮೋಸ ಹೋಗಿ ಏರಿಸಿಬಿಟ್ಟರೆ ಅಂತ ಕೇಳಿದೆವು. ಕೆಲವರಿಗೆ ಆಗಬಹುದು, ಆದರೆ ಸೆಟ್ಟಿಂಗ್ ಬದಲಾಯಿಸಬಹುದು ಅಂದರು.

ತಂತಿಯೇ ಇಲ್ಲದ ಪೇಸ್‌ಮೇಕರೂ ಬಂದಿದೆ. ದೊಡ್ಡ ಮಾತ್ರೆಯ ಆಕಾರ, ತೂಕ ಎರಡು ಗ್ರಾಂ ಆಸುಪಾಸು. ತೊಡೆಯ ರಕ್ತನಾಳದಿಂದ ಕಳಿಸಿ ನೇರವಾಗಿ ಹೃದಯದೊಳಗೇ ಕೂರಿಸುತ್ತಾರೆ. ಎದೆಯ ಮೇಲೆ ಉಬ್ಬಿಲ್ಲ, ಗಾಯವಿಲ್ಲ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಎಲ್ಲರಿಗೂ ಹೊಂದುವುದಿಲ್ಲ, ಬೆಲೆಯೂ ಹೆಚ್ಚು. ಹೃದಯ ಅತಿ ವೇಗವಾಗಿ ಕೆಟ್ಟ ತಾಳಕ್ಕೆ ಹೋದಾಗ ಒಳಗಿಂದಲೇ ಶಾಕ್ ಕೊಟ್ಟು ಉಳಿಸುವ ಸಾಧನ ಬೇರೆ, ಅದಕ್ಕೆ ಐಸಿಡಿ ಅನ್ನುತ್ತಾರೆ. ದೊಡ್ಡವ್ವನದು ಅದಲ್ಲ. ಅವಳದು ಬಡಿತ ನಿಧಾನವಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಹಾರ್ಟ್ ಅಟ್ಯಾಕ್ ತಡೆಯುವುದಿಲ್ಲ. ಪೇಸ್‌ಮೇಕರ್ ಇದೆ ಅಂತ ಬಿಪಿ, ಸಕ್ಕರೆ ಬಿಟ್ಟು ಓಡಾಡುವ ಹಾಗಿಲ್ಲ.

ಮನೆಗೆ ಬಂದ ಮೇಲಿನದ್ದು ನಮ್ಮದೇ ತಪ್ಪು. ಎಡಗೈಯನ್ನು ಕೆಲವು ವಾರ ಭುಜದಿಂದ ಮೇಲೆ ಎತ್ತಬಾರದು, ಭಾರ ಹೊರಬಾರದು ಅಂದಿದ್ದರು. ಹೊಸ ತಂತಿ ಗಟ್ಟಿಯಾಗಿ ಕೂರುವವರೆಗೆ ಅದು ಬೇಕು. ನಾವು ಅದಕ್ಕೆ ನಾಲ್ಕು ಪಟ್ಟು ಸೇರಿಸಿ, ಕೈ ಅಲ್ಲಾಡಿಸಲೇ ಬೇಡ ಅಂತ ಟವೆಲ್ ಕಟ್ಟಿ ಕೂರಿಸಿದೆವು. ಎರಡು ತಿಂಗಳಲ್ಲಿ ಭುಜ ಹಿಡಿದುಕೊಂಡಿತು. ರವಿಕೆ ಹಾಕಲೂ ಕೈ ಹಿಂದೆ ಹೋಗದು. ಫಿಸಿಯೋಥೆರಪಿಗೆ ಹೋದರೆ ಆತ ಕರೆಂಟಿನ ಪ್ಯಾಡು ಅಂಟಿಸಲು ಬಂದ. ಅದೃಷ್ಟಕ್ಕೆ ದೊಡ್ಡವ್ವನೇ, "ನನ್ ತಾವ ಒಂದು ಕಾರ್ಡ್ ಅದೆ, ನೋಡಪ್ಪ" ಅಂತ ಪೇಸ್‌ಮೇಕರ್ ಕಾರ್ಡು ತೋರಿಸಿದಳು. ಆತ ಪ್ಯಾಡು ಪಕ್ಕಕ್ಕಿಟ್ಟು ಕೈಯಲ್ಲೇ ವ್ಯಾಯಾಮ ಮಾಡಿಸಿದ. ಹೃದಯದ ಡಾಕ್ಟರನ್ನು ಕೇಳದೆ ಅಂಥ ಕರೆಂಟು ಚಿಕಿತ್ಸೆ ಕೊಡಬಾರದು. ಆ ಕಾರ್ಡು ಈಗ ಅವಳ ಎಲೆ ಅಡಿಕೆ ಚೀಲದಲ್ಲಿರುತ್ತದೆ, ಎಲ್ಲಿ ಹೋದರೂ ತಪ್ಪದ ಜಾಗ ಅದೊಂದೇ.

ಎಂಆರ್‌ಐ ಸ್ಕ್ಯಾನ್ ಬರೆದಾಗಲೂ ಮೊದಲು ಕಾರ್ಡು ತೋರಿಸಬೇಕು. ಈಗಿನ ಬಹಳಷ್ಟು ಪೇಸ್‌ಮೇಕರ್‌ಗಳಿಗೆ ಎಂಆರ್‌ಐ ಮಾಡಬಹುದು, ಆದರೆ ಮೊದಲು ಸೆಟ್ಟಿಂಗ್ ಬದಲಾಯಿಸಬೇಕು. ಹಳೆಯವಕ್ಕೆ ತೊಂದರೆ ಆಗಬಹುದು.

ಮಿಕ್ಸಿ, ಗ್ರೈಂಡರು, ಟಿವಿ, ಫ್ರಿಜ್ಜು, ಏನೂ ಮಾಡುವುದಿಲ್ಲ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ಇದ್ದರೆ ಸಾಕು. ಫೋನಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಜಗಳವಾಯಿತು. ನಮ್ಮ ಕಡೆ ಹೆಂಗಸರು ಫೋನನ್ನು ರವಿಕೆಯೊಳಗೆ, ಎಡಗಡೆಗೇ ಸೇರಿಸುವುದು. ಗಂಡಸರು ಅಂಗಿಯ ಎಡ ಜೇಬಿಗೆ. ಪೇಸ್‌ಮೇಕರ್ ಇರುವುದೂ ಅಲ್ಲೇ. ಫೋನು ಅದರಿಂದ ಆರು ಇಂಚು, ಅಂದರೆ ಒಂದು ಗೇಣಿನಷ್ಟಾದರೂ ದೂರ ಇರಬೇಕು, ಬಲಗಿವಿಗೆ ಹಿಡಿದು ಮಾತಾಡಬೇಕು. ಕೆಲವು ಹೊಸ ಫೋನುಗಳ ಬೆನ್ನಲ್ಲಿ ಅಯಸ್ಕಾಂತವೇ ಇದೆ. ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಕೇಳಿಸಿಕೊಳ್ಳುವುದನ್ನು ಬಿಟ್ಟು ಒಂದೇ ಸಮನೆ ತಟ್ಟಲು ಶುರು ಮಾಡುತ್ತದೆ. ತೆಗೆದರೆ ಸರಿಹೋಗುತ್ತದೆ. ಸಾಯುವಂಥದ್ದೇನಲ್ಲ, ಆದರೂ ಬೇಡ. ದೊಡ್ಡವ್ವ ಈಗ ಫೋನನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ, ಬೈಯುತ್ತಾ.

ನಮ್ಮದು ಕಾಡಂಚಿನ ಊರು, ಬಂಡೀಪುರ ದೂರವಿಲ್ಲ. ಹಂದಿಗೆ, ಆನೆಗೆ ಅಂತ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿದ್ದೇವೆ. ನಮಗೆ ಅದು ಜುಮ್ ಅನ್ನಿಸುವ ಹೊಡೆತ. ಪೇಸ್‌ಮೇಕರ್ ಇದ್ದವರು ಅದನ್ನು ಮುಟ್ಟಬಾರದು, ಹತ್ತಿರ ತಗುಲಿಕೊಂಡು ಹೋಗಲೂಬಾರದು. ಹೊಲಕ್ಕೆ ಹೋದಾಗ ಬೇಲಿ ಆಫ್ ಮಾಡುವ ಕೆಲಸ ಈಗ ಮೊಮ್ಮಗಳದ್ದು. ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುವವರು, ಮೋಟಾರು ರಿಪೇರಿ ಮಾಡುವವರು ಪೇಸ್‌ಮೇಕರ್ ಹಾಕಿಸುವ ಮೊದಲೇ ಡಾಕ್ಟರಿಗೆ ತಮ್ಮ ಕೆಲಸ ಏನು ಅಂತ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಮತ್ತೊಂದು, ಹೇಳಲು ಕಷ್ಟದ್ದು. ತೀರಿಕೊಂಡವರನ್ನು ಸುಡುವ ಪದ್ಧತಿ ಇರುವ ಮನೆಗಳಲ್ಲಿ, ಸುಡುವ ಮೊದಲು ಪೇಸ್‌ಮೇಕರ್ ತೆಗೆಸಬೇಕು. ಬೆಂಕಿಯ ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. ಆಸ್ಪತ್ರೆಯಲ್ಲಿ ಚರ್ಮ ಸ್ವಲ್ಪ ಕೊಯ್ದು ತೆಗೆದುಕೊಡುತ್ತಾರೆ. ಇದನ್ನು ದೊಡ್ಡವ್ವನ ಎದುರಿಗೆ ಹೇಳಲು ನಾವು ತಡವರಿಸಿದೆವು. ಅವಳೇ, "ನಮ್ದು ಮಣ್ಣು ಮಾಡೋದಲ್ವಾ, ಇರ್ಲಿ ಬುಡು, ಜೊತೆಗೇ ಬರ್ಲಿ" ಅಂದು ರಾಗಿ ಕೇರಲು ಹೋದಳು.

ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುತ್ತೇವೆ. ಎದೆಯ ಮೇಲೆ ಒಂದು ಮೌಸಿನಂಥದ್ದು ಇಟ್ಟರೆ, ಕಂಪ್ಯೂಟರಿನಲ್ಲಿ ಇಡೀ ವರ್ಷದ ಲೆಕ್ಕ ಬರುತ್ತದೆ. ಎಷ್ಟು ಪಾಲು ಬಡಿತ ಅದು ಕೊಟ್ಟಿದ್ದು, ನಡುವೆ ಎಲ್ಲಾದರೂ ತಾಳ ತಪ್ಪಿತ್ತಾ, ತಂತಿ ಸರಿಯಾಗಿದೆಯಾ, ಬ್ಯಾಟರಿ ಎಷ್ಟಿದೆ. ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಟಾರ್ಚಿನ ಹಾಗೆ ದಿಢೀರ್ ಅಂತ ಆರುವುದಿಲ್ಲ, ತಿಂಗಳುಗಳ ಮೊದಲೇ ಮುನ್ಸೂಚನೆ ಕೊಡುತ್ತದೆ. ಆಗ ಡಬ್ಬಿ ಮಾತ್ರ ಬದಲಾಯಿಸುತ್ತಾರೆ, ತಂತಿ ಸರಿಯಿದ್ದರೆ ಅದೇ ಇರುತ್ತದೆ. ಹೋದ ಸಲ ನೋಡಿದಾಗ ಕೆಳಗಿನ ಕೋಣೆಯ ಬಡಿತ ಹೆಚ್ಚುಕಡಿಮೆ ಎಲ್ಲವೂ ಪೇಸ್‌ಮೇಕರಿನದ್ದೇ. ಅಂದರೆ ಅದಿಲ್ಲದಿದ್ದರೆ ಏನಾಗಿರುತ್ತಿತ್ತು ಅನ್ನುವುದು ಆ ಒಂದು ಸಾಲಿನಲ್ಲಿತ್ತು. ಅದನ್ನು ನಾವು ಅವಳಿಗೆ ಓದಿ ಹೇಳಲಿಲ್ಲ.

ನಮ್ಮ ಕೆಲಸದ ವಿಷಯ ಒಂದು ಉಳಿದಿದೆ. ಸುಮಾರು ವರ್ಷಗಳಿಂದ ಸುದ್ದಿ ಕಳಿಸುತ್ತಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ, ಗದ್ದೆಯಲ್ಲಿ, ಮದುವೆ ಮನೆಯಲ್ಲಿ ಕುಸಿದು ಸತ್ತವರ ಸುದ್ದಿಗೆಲ್ಲ ಒಂದೇ ಸಾಲು: ಹೃದಯಾಘಾತದಿಂದ ನಿಧನ. ಯಾವ ಡಾಕ್ಟರನ್ನೂ ಕೇಳದೆ ಬರೆದದ್ದೇ ಹೆಚ್ಚು. ಅವರಲ್ಲಿ ಎಷ್ಟು ಜನರಿಗೆ ಪೈಪು ಕೆಟ್ಟಿತ್ತು, ಎಷ್ಟು ಜನರಿಗೆ ವೈರು ಕೆಟ್ಟಿತ್ತು? ಸಾಯುವ ಮೊದಲು ಎರಡು ಮೂರು ಸಲ ಬಿದ್ದಿದ್ದರಾ ಅಂತ ಮನೆಯವರನ್ನು ನಾವು ಕೇಳಿದ್ದೇ ಇಲ್ಲ. ಈಗ ಕೇಳುತ್ತೇವೆ. ಕಾರಣ ತಿಳಿಯದಿದ್ದರೆ ಕುಸಿದುಬಿದ್ದು ಸಾವು ಅಂತ ಬರೆಯುತ್ತೇವೆ. ಡೆಸ್ಕಿನಲ್ಲಿ ಕೆಲವು ಸಲ ಅದನ್ನು ಮತ್ತೆ ಹೃದಯಾಘಾತ ಮಾಡಿಬಿಡುತ್ತಾರೆ, ಹೆಡ್ಡಿಂಗಿಗೆ ಸರಿಯಾಗಿ ಕೂರುತ್ತದಂತೆ.

ಹೋದ ತಿಂಗಳು ಮೇಲಿನ ಬೀದಿಯ ಸಿದ್ದಣ್ಣ ಬಂದಿದ್ದ. ಹೆಸರು ಬದಲಾಯಿಸಿದ್ದೇವೆ. ಜಗುಲಿ ಮೇಲೆ ಕೂತು, "ಯಾಕೋ ನಾಲ್ಕು ದಿನದಿಂದ ಎದ್ರೆ ಕಣ್ಕತ್ಲೆ ಬತ್ತದೆ" ಅಂದ. ಒಳಗಿಂದ ದೊಡ್ಡವ್ವನೇ ಬಿಪಿ ಮಿಷನ್ ತಂದು ತೋಳಿಗೆ ಸುತ್ತಿದಳು. ಅವಳಿಗೆ ಓದಲು ಬರುವುದಿಲ್ಲ, ಅಂಕಿ ಗೊತ್ತು. ಮೇಲಿನ ಎರಡನ್ನು ಬಿಟ್ಟು ಕೆಳಗೆ ಬೆರಳಿಟ್ಟಳು. 41.

ಅವತ್ತೇ ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಇಸಿಜಿ ಮಾಡಿದರು. ಸಿದ್ದಣ್ಣನ ಹತ್ತಿರ ಎರಡು ಚೀಟಿಯ ಮಾತ್ರೆಗಳಿದ್ದವು, ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧಿ ಬರೆದಿದ್ದರು, ಆತ ಎರಡನ್ನೂ ನುಂಗುತ್ತಿದ್ದ. ಒಂದನ್ನು ನಿಲ್ಲಿಸಿ, ಎರಡು ದಿನ ಅಲ್ಲೇ ಮಲಗಿಸಿಕೊಂಡು ನೋಡಿದರು. ಪೇಸ್‌ಮೇಕರ್ ಬೇಕಾಗಲಿಲ್ಲ. ಈಗ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಹೋಗುವಾಗ ನಮ್ಮ ಜಗುಲಿ ಹತ್ತಿ ತೋಳು ಚಾಚುತ್ತಾನೆ. ಇವತ್ತು 66 ಇತ್ತು.